ಚಾರ್ಟ್ ಮುಂದೆ ಎಲ್ಲ ಪದ ಹೇಳುತ್ತಾನೆ, ಚಾರ್ಟ್ ತೆಗೆದರೆ ಒಂದೂ ಬರುವುದಿಲ್ಲ. ಏನು ಮಾಡಲಿ?

ಕುಂತಿಬೆಟ್ಟದ ಕೆಳಗಿನವಳು (ಪಾಂಡವಪುರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಾನು ಟೀಚರ್ ಅಲ್ಲ. ಬಿ.ಕಾಂ. ಓದಿದ್ದೇನೆ, ಊರಿನ ಡೇರಿಯಲ್ಲಿ ಎರಡು ಹೊತ್ತು ಹಾಲಿನ ಲೆಕ್ಕ ಬರೆಯುತ್ತೇನೆ. ಸಂಜೆ ಡೇರಿ ಮುಗಿಸಿ ಬಂದ ಮೇಲೆ ಪಕ್ಕದ ಮನೆ ಹುಡುಗನಿಗೆ ಒಂದು ಗಂಟೆ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ.

ಅವನಿಗೆ ಏಳು ವರ್ಷ. ಒಂದನೇ ಕ್ಲಾಸು ಊರಿನ ಶಾಲೆಯಲ್ಲೇ ಓದಿದ. ಈ ಜೂನ್‌ನಲ್ಲಿ ಎರಡನೇ ಕ್ಲಾಸಿಗೆ ಇಂಗ್ಲಿಷ್ ಮೀಡಿಯಂಗೆ ಹಾಕಿದ್ದಾರೆ. ಅಪ್ಪ ಟ್ರಾಕ್ಟರ್ ಓಡಿಸುತ್ತಾರೆ, ಕಬ್ಬು ಕಡಿಯುವ ಕಾಲದಲ್ಲಿ ಫ್ಯಾಕ್ಟರಿಗೆ ಲೋಡ್ ಹೊಡೆಯುತ್ತಾರೆ. ಅಮ್ಮ ಗದ್ದೆ ಕೆಲಸಕ್ಕೆ ಹೋಗುತ್ತಾರೆ. ಒಂದು ಸಂಜೆ ಹಾಲಿನ ಕ್ಯಾನ್ ಜೊತೆ ಮಗನ ಸ್ಕೂಲ್ ಡೈರಿಯನ್ನೂ ಹಿಡಿದುಕೊಂಡು ಬಂದರು. 'ಇದ್ರಲ್ಲಿ ಏನೋ ಬರ್ದವ್ರೆ, ಓದಿ ಹೇಳವ್ವ' ಅಂದರು. ಹುಡುಗನಿಗೆ ಇಂಗ್ಲಿಷ್ ಪದಗಳು ಗೊತ್ತಿಲ್ಲ, ಮನೆಯಲ್ಲಿ ಹೇಳಿಕೊಡಿ ಅಂತ ಬರೆದಿದ್ದರು. ಅದನ್ನು ಬರೆದದ್ದು ಇಂಗ್ಲಿಷಿನಲ್ಲಿ. ಮನೆಯಲ್ಲಿ ಓದುವವರೇ ಇಲ್ಲದಿದ್ದರೆ ಹೇಳಿಕೊಡುವುದು ಯಾರು? ಅವತ್ತೇ 'ನಾಳೆಯಿಂದ ಕಳಿಸಕ್ಕ' ಅಂದೆ.

ಮಂಡ್ಯಕ್ಕೆ ಹೋದಾಗ ಪೇಟೆ ಬೀದಿಯಲ್ಲಿ ಒಂದು ದೊಡ್ಡ ಚಾರ್ಟ್ ತಂದು ಗೋಡೆಗೆ ಹಾಕಿದೆ. ಎ ಇಂದ ಝೆಡ್‌ವರೆಗೆ 26 ಚಿತ್ರ. ಹದಿನೈದು ದಿನದಲ್ಲಿ ಅಷ್ಟನ್ನೂ ಹೇಳಿದ. ನನಗೆ ತುಂಬಾ ಸಂತೋಷವಾಗಿತ್ತು.

ಆಮೇಲೆ ಒಂದು ದಿನ ಗಮನಿಸಿದೆ. ಮಧ್ಯದಲ್ಲಿರುವ ಮೇಕೆ ಚಿತ್ರದ ಮೇಲೆ ಬೆರಳಿಟ್ಟು ಇದೇನು ಅಂತ ಕೇಳಿದರೆ ತಕ್ಷಣ ಹೇಳುವುದಿಲ್ಲ. ತುಟಿ ಅಲ್ಲಾಡುತ್ತದೆ. ಆಪಲ್, ಬಾಲ್, ಕ್ಯಾಟ್ ಅಂತ ಮೊದಲಿನಿಂದ ಬಂದು, ಅಲ್ಲಿಗೆ ತಲುಪಿದ ಮೇಲೆ 'ಗೋಟ್' ಅನ್ನುತ್ತಾನೆ. ಅವರ ಮನೆ ಮುಂದೆಯೇ ಎರಡು ಕರಿ ಮೇಕೆ ಕಟ್ಟಿದ್ದಾರೆ. ಅದನ್ನು ತೋರಿಸಿ ಇಂಗ್ಲಿಷಿನಲ್ಲಿ ಏನು ಅಂತ ಕೇಳಿದೆ. ಸುಮ್ನೆ ನನ್ನ ಮುಖ ನೋಡಿದ. ಚಾರ್ಟಿನಲ್ಲಿರುವುದು ಗಡ್ಡ ಇರುವ ಬಿಳಿ ಮೇಕೆ.

ಇಗ್ಲೂ ಚಿತ್ರ ನೋಡಿ 'ಮೆದೆ ಅಲ್ವಾ ಅಕ್ಕ?' ಅಂದ. ನಿಜ ಹೇಳಬೇಕೆಂದರೆ ಹುಲ್ಲಿನ ಮೆದೆ ಹಾಗೇ ಕಾಣುತ್ತದೆ. ಹಿಮದ ಮನೆ ಅಂದರೆ ಏನು ಅಂತ ಅವನಿಗೆ ಹೇಗೆ ಹೇಳಲಿ?

ಯಾವ ಚಿತ್ರದಿಂದ ಶುರು ಮಾಡಬೇಕು? ದಿನಕ್ಕೆ ಎಷ್ಟು ಪದ? ಕನ್ನಡ ಅರ್ಥ ಹೇಳಬೇಕಾ, ಬೇಡವಾ? ಸ್ಪೆಲಿಂಗ್ ಈಗಲೇ ಬರೆಸಬೇಕಾ? ಹುಡುಗ ಚುರುಕಾಗಿದ್ದಾನೆ. ಸ್ಕೂಲಿನಿಂದ ಬರುವಾಗ ಮಾತ್ರ ತಲೆ ತಗ್ಗಿಸಿಕೊಂಡು ಬರುತ್ತಾನೆ. ಅದನ್ನು ನೋಡಲು ಆಗುತ್ತಿಲ್ಲ.

ಇಬ್ಬರು ಮಕ್ಕಳ ತಾಯಿ (ಮಂಡ್ಯ)

ನನ್ನ ಮಗಳಿಗೂ ಹೀಗೇ ಆಗಿತ್ತು. ಚಾರ್ಟನ್ನು ಗೋಡೆಯಿಂದ ತೆಗೆದುಬಿಡಿ. ಫೋನಿನಲ್ಲಿ ನಿಮ್ಮ ಊರಿನದ್ದೇ ಫೋಟೋ ತೆಗೆಯಿರಿ. ಅವರ ಮೇಕೆ, ಅವರ ಬಾಗಿಲು, ಅವನ ಚಪ್ಪಲಿ. ಒಂದು ಹಾಳೆಗೆ ನಾಲ್ಕು ಫೋಟೋ ಬರುವಂತೆ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ. ಕಪ್ಪು ಬಿಳುಪಾದರೂ ಸಾಕು, ಮಕ್ಕಳು ಬಣ್ಣ ಹಾಕಿಕೊಳ್ಳುತ್ತಾರೆ.

ಫೋನನ್ನೇ ಕೈಗೆ ಕೊಡಬೇಡಿ. ನಾನು ಕೊಟ್ಟಿದ್ದೆ. ಹತ್ತು ನಿಮಿಷಕ್ಕೆ ಚಿತ್ರ ಬಿಟ್ಟು ವಿಡಿಯೋಗೆ ಹೋಗುತ್ತಿದ್ದಳು, ಆಮೇಲೆ ಬಿಡಿಸಿಕೊಳ್ಳುವುದೇ ದೊಡ್ಡ ಕೆಲಸ. ಕಾಗದವಾದರೆ ಕೈಯಲ್ಲಿ ಹಿಡಿಯಬಹುದು, ಜೋಡಿಸಬಹುದು, ತಮ್ಮನಿಗೆ ತೋರಿಸಿ ಟೀಚರ್ ಆಟ ಆಡಬಹುದು.

ನಿವೃತ್ತ ಮೇಷ್ಟ್ರು (ಮೈಸೂರು)

ತಂಗಿ, ನಿನ್ನ ಪತ್ರ ಎರಡು ಸಲ ಓದಿದೆ. ತುಟಿ ಅಲ್ಲಾಡುವುದನ್ನು ಗಮನಿಸಿದೆಯಲ್ಲ, ಬಹಳ ಜನ ಟೀಚರ್‌ಗಳ ಕಣ್ಣಿಗೂ ಅದು ಬೀಳುವುದಿಲ್ಲ. ಹುಡುಗ ಕಲಿತಿರುವುದು 26 ಪದ ಅಲ್ಲ, ಒಂದು ಹಾಡು. ಹಾಡಿನ ಮಧ್ಯದಿಂದ ಶುರು ಮಾಡು ಅಂದರೆ ನಮಗೂ ಕಷ್ಟ ಅಲ್ವಾ?

ನಾನು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಮೇಷ್ಟ್ರಾಗಿದ್ದವನು. ಮಕ್ಕಳು ಕಾರ್ಡು ಹಿಡಿದು ಆಡುತ್ತಾ ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ನಲಿ-ಕಲಿ ಪದ್ಧತಿ 1995ರಲ್ಲಿ ಶುರುವಾದದ್ದು ಅದೇ ತಾಲ್ಲೂಕಿನಲ್ಲಿ. ಅಲ್ಲಿಯವರೆಗೆ ನಾವು ಬೋರ್ಡಿನ ಮುಂದೆ ನಿಂತು ಹೇಳುವುದು, ಮಕ್ಕಳು ಒಟ್ಟಿಗೆ ಕೂಗುವುದು. ಕಾರ್ಡು ಬಂದ ಮೇಲೆ ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತರು. ಒಬ್ಬೊಬ್ಬರೂ ತಮ್ಮ ಮೆಟ್ಟಿಲಿನ ಕಾರ್ಡನ್ನು ತಾವೇ ಎತ್ತಿಕೊಂಡರು. ಒಟ್ಟಾಗಿ ಕೂಗುವಾಗ ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಅಂತ ಗೊತ್ತೇ ಆಗುತ್ತಿರಲಿಲ್ಲ. ಕಾರ್ಡು ಕೈಗೆ ಬಂದ ದಿನ ಗೊತ್ತಾಯಿತು. 2007ರಲ್ಲಿ ಸರ್ಕಾರಿ ಶಾಲೆಗೆ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಬಂದಾಗಲೂ ನಾನು ಅದೇ ದಾರಿ ಹಿಡಿದೆ. ಹಾಗಾಗಿ ಹೇಳುತ್ತೇನೆ: ಚಾರ್ಟನ್ನು ಕತ್ತರಿಸು. ದುಡ್ಡು ಕೊಟ್ಟು ತಂದದ್ದು ಅಂತ ಯೋಚಿಸಬೇಡ. 26 ತುಂಡು ಮಾಡಿ, ಮನೆಯಲ್ಲಿ ಬಿದ್ದಿರುವ ಹಳೇ ಲಗ್ನಪತ್ರಿಕೆಗಳ ಬೆನ್ನಿಗೆ ಅಂಟಿಸು. ಮಂಡ್ಯ ಕಡೆ ಲಗ್ನಪತ್ರಿಕೆಗೆ ಬರವಿಲ್ಲ, ಗಟ್ಟಿ ಕಾಗದ. ತುಂಡಾದ ಮೇಲೆ ಕಲೆಸು. ಹಾಡು ಅಲ್ಲಿಗೆ ಮುರಿಯುತ್ತದೆ.

ಆದರೆ ಶುರು ಮಾಡುವುದು ಆ 26ರಿಂದ ಅಲ್ಲ. ಒಂದು ಸಂಜೆ ಕಾಗದ ಪೆನ್ನು ಹಿಡಿದು ಕೂತುಕೋ. ಅವರಪ್ಪನ ಟ್ರಾಕ್ಟರ್ ಬಗ್ಗೆ ಮಾತಾಡಿಸು. ಅವನ ಬಾಯಿಂದ ಬರುವ ಇಂಗ್ಲಿಷ್ ಪದಗಳನ್ನು ಬರೆದುಕೋ. ಟ್ರಾಕ್ಟರು, ಟೈರು, ಗೇರು, ಬ್ರೇಕು, ಡೀಸೆಲ್ಲು, ಲೈಟು, ಸೀಟು. ಗದ್ದೆ ಕಡೆ ಹೋದರೆ ಪಂಪು, ಪೈಪು, ವೈರು, ಸ್ವಿಚ್ಚು. ನಿನ್ನ ಡೇರಿಗೆ ಬಂದರೆ ಕ್ಯಾನು. ಸೈಕಲ್ ಬಿಚ್ಚಿದರೆ ಚೈನು, ಪೆಡ್ಲು, ಬೆಲ್ಲು. ಮೂವತ್ತು ನಲವತ್ತು ಪದ ಸುಲಭವಾಗಿ ಸಿಗುತ್ತವೆ. ಇಷ್ಟು ಇಂಗ್ಲಿಷ್ ಗೊತ್ತಿರುವ ಹುಡುಗನಿಗೆ ಪದಗಳೇ ಗೊತ್ತಿಲ್ಲ ಅಂತ ಡೈರಿಯಲ್ಲಿ ಬರೆದಿದ್ದಾರೆ! ಮೊದಲ ವಾರ ಅದರ ಚಿತ್ರಗಳನ್ನೇ ಮಾಡು. 'ಇದೆಲ್ಲ ನಿನಗೆ ಗೊತ್ತಿರುವ ಇಂಗ್ಲಿಷು ಕಣೋ' ಅಂತ ಹೇಳು. ತಗ್ಗಿರುವ ತಲೆ ಏಳಬೇಕಾದರೆ ಅದು ಮೊದಲ ಕೆಲಸ. ಕೊನೆಗೆ ಸೇರುವ ಉ ಬಗ್ಗೆ ಬೈಯಬೇಡ. ಅವನು ಟೈರು ಅಂದರೆ ನೀನು 'ಹೌದು, ಟೈರ್' ಅನ್ನು. ಅಷ್ಟೇ. ಕಿವಿಗೆ ಬಿದ್ದು ಬಿದ್ದು ತಾನೇ ಸರಿಹೋಗುತ್ತದೆ.

ಹೊಸ ಪದಕ್ಕೆ ಬಂದಾಗ ಒಂದು ಎಚ್ಚರಿಕೆ. ಪುಸ್ತಕದಲ್ಲಿ ಹಣ್ಣೆಲ್ಲ ಒಂದು ಪುಟ, ಪ್ರಾಣಿಯೆಲ್ಲ ಒಂದು ಪುಟ ಇರುತ್ತದೆ. ನೋಡಲು ಚೆಂದ. ಕಲಿಯುವವರಿಗೆ ಕಷ್ಟ. ಶೀಪ್, ಗೋಟ್ ಒಂದೇ ದಿನ ಕಲಿಸಿದರೆ ತಿಂಗಳುಗಟ್ಟಲೆ ಅದಲು ಬದಲು ಮಾಡುತ್ತಾರೆ. ಟಿಂಕಮ್ ಎಂಬ ಸಂಶೋಧಕರು 1993ರಲ್ಲಿ ಇದನ್ನು ಪ್ರಯೋಗ ಮಾಡಿಯೇ ತೋರಿಸಿದರು. ಒಂದೇ ಗುಂಪಿಗೆ ಸೇರಿದ ಹೊಸ ಪದಗಳನ್ನು ಒಟ್ಟಿಗೆ ಕೊಟ್ಟರೆ ಕಲಿಕೆ ನಿಧಾನವಾಗುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದವನ್ನು ಕೊಟ್ಟರೆ ಬೇಗ. ಹಾಗಾಗಿ ಒಂದು ದಿನಕ್ಕೆ ಒಂದು ಮೇಕೆ, ಒಂದು ಬಾಗಿಲು, ಒಂದು ಚಮಚ, ಒಂದು ಮಳೆ. ನಾಲ್ಕು ಸಾಕು, ಐದು ಬೇಡ. ಕುರಿ ಮುಂದಿನ ವಾರ ಬರಲಿ.

ಒಂದು ಪದಕ್ಕೆ ಒಂದೇ ಚಿತ್ರ ಇದ್ದರೆ ಮಗು ಆ ಚಿತ್ರವನ್ನು ಕಲಿಯುತ್ತದೆ, ಪದವನ್ನಲ್ಲ. ಬಿಳಿ ಮೇಕೆಯಲ್ಲಿ ನಿನಗೆ ಆದದ್ದು ಅದೇ. ಮೇಕೆಗೆ ಮೂರು ಚಿತ್ರ ಮಾಡು: ಕರಿಯದು, ಕಂದು ಬಣ್ಣದ್ದು, ಮರಿ ಜೊತೆಗಿರುವುದು. ಹಸುವಿಗೆ ಒಂದು ಸೀಮೆ ಹಸು, ಒಂದು ಹಳ್ಳಿಕಾರ್. ಪಕ್ಕದಲ್ಲಿ ಎಮ್ಮೆ ಇಟ್ಟು 'ಇದು ಕೌ ಹೌದಾ, ಅಲ್ವಾ?' ಅಂತ ಕೇಳು. ಅಲ್ಲ ಅಂತ ಹೇಳಲು ಬಂದ ದಿನ ಪದ ಅವನದಾಯಿತು. ಚಾರ್ಟಿನ ಶೀಪ್ ಹತ್ತಿ ಉಂಡೆಯ ಹಾಗೆ ಇರುತ್ತದೆ. ನಮ್ಮ ಬನ್ನೂರು ಕುರಿಗೆ ಅಷ್ಟು ಉಣ್ಣೆ ಎಲ್ಲಿದೆ? ಮಗುವಿಗೆ ಅದು ಬೇರೆಯೇ ಪ್ರಾಣಿ.

ಕನ್ನಡ ಹೇಳಬೇಕಾ ಅಂತ ಕೇಳಿದೆ. ಹೇಳು, ಧಾರಾಳವಾಗಿ. ಚಿತ್ರ ಒಂದೇ ಎಲ್ಲವನ್ನೂ ಹೇಳುವುದಿಲ್ಲ. ನಮಗೆ ಭತ್ತ ಬೇರೆ, ಅಕ್ಕಿ ಬೇರೆ, ಅನ್ನ ಬೇರೆ. ಇಂಗ್ಲಿಷಿನಲ್ಲಿ ಅಕ್ಕಿಯೂ ರೈಸ್, ಅನ್ನವೂ ರೈಸ್. ಅನ್ನದ ತಟ್ಟೆ ತೋರಿಸಿ ರೈಸ್ ಅಂದರೆ, ಮೂಟೆಯಲ್ಲಿರುವ ಅಕ್ಕಿಗೆ ಏನು ಅಂತ ಅವನಿಗೆ ಹೇಗೆ ಗೊತ್ತಾಗಬೇಕು? ಇನ್ನು ಕೆಲವು ಕಡೆ ಉಲ್ಟಾ. ನಮಗೆ ಕೈಯಲ್ಲಿರುವುದೂ ಬೆರಳೇ, ಕಾಲಿನಲ್ಲಿರುವುದೂ ಬೆರಳೇ. ಅವರಿಗೆ ಫಿಂಗರ್ ಬೇರೆ, ಟೋ ಬೇರೆ. ಇಂಥ ಕಡೆ ಎರಡು ಮಾತು ಕನ್ನಡದಲ್ಲಿ ಹೇಳಿಬಿಟ್ಟರೆ ಅರ್ಧ ಗಂಟೆಯ ಗೊಂದಲ ತಪ್ಪುತ್ತದೆ.

ಕಲಿತದ್ದು ಉಳಿಯಲು ಮೂರು ಡಬ್ಬಿ ಇಟ್ಟುಕೋ. ಹೊಸ ಕಾರ್ಡು ಮೊದಲ ಡಬ್ಬಿಗೆ, ಅದನ್ನು ದಿನಾ ಕೇಳು. ಸರಿ ಹೇಳಿದರೆ ಎರಡನೆಯದಕ್ಕೆ ಹೋಗಲಿ, ಅದನ್ನು ಮೂರು ದಿನಕ್ಕೊಮ್ಮೆ. ಅಲ್ಲೂ ಹೇಳಿದರೆ ಮೂರನೆಯದಕ್ಕೆ, ಅದನ್ನು ವಾರಕ್ಕೊಮ್ಮೆ. ತಪ್ಪಿದರೆ ಮತ್ತೆ ಮೊದಲ ಡಬ್ಬಿ. ಇದು ನನ್ನ ಬುದ್ಧಿ ಅಲ್ಲ, ಲೈಟ್ನರ್ ಎಂಬುವರು 1972ರಲ್ಲಿ ಬರೆದ ವಿಧಾನ. ಮರೆಯುವ ಹೊತ್ತಿಗೆ ಸರಿಯಾಗಿ ನೆನಪಿಸಿದರೆ ಗಟ್ಟಿಯಾಗಿ ಉಳಿಯುತ್ತದೆ, ಅಷ್ಟೇ ಗುಟ್ಟು. ಕಾರ್ಡನ್ನು ಡಬ್ಬಿಯಿಂದ ಡಬ್ಬಿಗೆ ಅವನ ಕೈಯಲ್ಲೇ ಹಾಕಿಸು.

ಸ್ಪೆಲಿಂಗ್ ಒಂದು ತಿಂಗಳು ಬೇಡ. ಮೊದಲು ಕಿವಿ, ಆಮೇಲೆ ಬಾಯಿ, ಕೈ ಕೊನೆಗೆ.

ಟೀಚರ್ ಕೆಲಸ (ಮೈಸೂರು)

ಮೇಷ್ಟ್ರು ಹೇಳಿದ್ದರಲ್ಲಿ ಒಂದು ವಿಷಯಕ್ಕೆ ನನ್ನ ಒಪ್ಪಿಗೆ ಇಲ್ಲ. ನಾನು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಎರಡನೇ ಕ್ಲಾಸಿಗೇ ಪಾಠ ಮಾಡುತ್ತೇನೆ. ಪ್ರತಿ ಪದಕ್ಕೂ ಕನ್ನಡ ಹೇಳಿದರೆ ಮಗು ಕನ್ನಡಕ್ಕಾಗಿ ಕಾಯುತ್ತಾ ಕೂರುತ್ತದೆ, ಇಂಗ್ಲಿಷ್ ಕಿವಿಗೆ ಹಾಕಿಕೊಳ್ಳುವುದೇ ಇಲ್ಲ. ಬಾಗಿಲು, ಚಮಚಕ್ಕೆ ಕನ್ನಡ ಯಾಕೆ ಸರ್? ಚಿತ್ರ ಇದೆ, ವಸ್ತು ಎದುರಿಗೇ ಇದೆ. ಗೊಂದಲ ಇರುವ ಕಡೆ ಮಾತ್ರ ಹೇಳಲಿ.

ಅಕ್ಕ, ಇನ್ನೊಂದು ಮಾತು. 'ಇದೇನು?' ಅಂತ ಮೊದಲೇ ಕೇಳಬೇಡಿ. ನಾಲ್ಕು ಕಾರ್ಡು ನೆಲದ ಮೇಲೆ ಹಾಕಿ, ನೀವೇ 'ಡೋರ್' ಅನ್ನಿ. ಅವನು ಮುಟ್ಟಲಿ. ಕೇಳಿ ಗುರುತಿಸುವುದು ಸುಲಭ, ನೆನಪಿಸಿಕೊಂಡು ಹೇಳುವುದು ಕಷ್ಟ. ಸುಲಭವಾದದ್ದು ಮೊದಲು ಆಗಲಿ. ಎರಡು ಮೂರು ದಿನ ಬರೀ ಮುಟ್ಟುವ ಆಟ ಆಡಿದರೆ ನಾಲ್ಕನೇ ದಿನ ತಾನೇ ಬಾಯಿ ಬಿಡುತ್ತಾನೆ. ಬಾಯಿ ಬಿಡದ ಮಕ್ಕಳನ್ನು ನಾನು ಹೀಗೇ ಮಾತಾಡಿಸಿದ್ದೇನೆ.

ಕೊಡು, ತಗೋ, ಓಡು, ಬಗ್ಗು ಇವಕ್ಕೆ ಚಿತ್ರ ಬೇಡ. ಚಿತ್ರದಲ್ಲಿ ಒಬ್ಬ ಹುಡುಗ ಓಡುತ್ತಿದ್ದರೆ ಅದು ಬಾಯ್ ಅಂತಲೋ ರನ್ ಅಂತಲೋ ಮಗುವಿಗೆ ಹೇಗೆ ತಿಳಿಯಬೇಕು? ನೀವು ಹೇಳಿ, ಅವನು ಮಾಡಲಿ, ನೀವೂ ಜೊತೆಗೆ ಮಾಡಿ. ಜೇಮ್ಸ್ ಆಶರ್ ಎಂಬುವರು 1960ರ ದಶಕದಲ್ಲಿ ಇದನ್ನೇ ಒಂದು ಕಲಿಸುವ ಪದ್ಧತಿಯಾಗಿ ಬೆಳೆಸಿದರು.

ಉಚ್ಚಾರಣೆಗೂ ಚಿತ್ರ ಉಪಯೋಗಕ್ಕೆ ಬರುತ್ತದೆ. ನಮ್ಮ ಕಡೆ ಮಕ್ಕಳಿಗೆ ಫ್ಯಾನ್ ಕೂಡ ಪ್ಯಾನ್ ಆಗುತ್ತದೆ. ಒಂದು ಕಾರ್ಡಿನಲ್ಲಿ ತಿರುಗುವ ಫ್ಯಾನು, ಇನ್ನೊಂದರಲ್ಲಿ ದೋಸೆ ಹುಯ್ಯುವ ಪ್ಯಾನು ಬಿಡಿಸಿ. ನೀವು ಹೇಳಿದ್ದನ್ನು ಅವನು ಎತ್ತಬೇಕು. ಆಮೇಲೆ ಅವನು ಹೇಳಿದ್ದನ್ನು ನೀವು ಎತ್ತಬೇಕು. ತಪ್ಪು ಕಾರ್ಡು ಎತ್ತಿದಾಗ ತಾನೇ ತಿದ್ದಿಕೊಳ್ಳುತ್ತಾನೆ. ಹೆನ್ ಅನ್ನುವುದು ಎನ್ ಆಗುತ್ತಿದ್ದರೆ ಬಾಯಿ ಮುಂದೆ ತೆಳು ಕಾಗದ ಹಿಡಿಯಿರಿ, ಹ ಬಂದರೆ ಕಾಗದ ಅಲ್ಲಾಡುತ್ತದೆ.

ಇಗ್ಲೂ ಕಾರ್ಡನ್ನು ಎಸೆಯಬೇಡಿ ಮಾತ್ರ. ಶಾಲೆಯ ಪರೀಕ್ಷೆಯಲ್ಲಿ ಅದೇ ಚಿತ್ರ ಬರಬಹುದು. ಕೊನೆಯಲ್ಲಿ ಕಲಿಸಿ. ಮೆದೆ ಹಾಗೆ ಇದೆ, ಆದರೆ ಹುಲ್ಲಿನದಲ್ಲ, ಗಟ್ಟಿ ಹಿಮದ್ದು, ಒಳಗೆ ಜನ ಇರುತ್ತಾರೆ ಅಂತ ಹೇಳಿದರೆ ಸಾಕು. ಮೆದೆ ಅಂತ ಅವನೇ ಅಂದದ್ದು ಒಳ್ಳೆಯದೇ ಆಯಿತು.

ನಿವೃತ್ತ ಮೇಷ್ಟ್ರು (ಮೈಸೂರು)

ಒಪ್ಪಿದೆ ತಾಯಿ. ಚಮಚಕ್ಕೆ ಕನ್ನಡ ಬೇಡ, ಅನ್ನಕ್ಕೆ ಬೇಕು. 'ಧಾರಾಳವಾಗಿ' ಅಂದದ್ದು ಹೆಚ್ಚಾಯಿತು. ಆ ಮುಟ್ಟುವ ಆಟವನ್ನು ನಾನು ಬರೆಯಲು ಮರೆತಿದ್ದೆ, ನೀವು ಸೇರಿಸಿದ್ದು ಒಳ್ಳೆಯದಾಯಿತು.

ಕುಂತಿಬೆಟ್ಟದ ಕೆಳಗಿನವಳು (ಪಾಂಡವಪುರ ತಾಲ್ಲೂಕು)

ಮೂರು ವಾರ ಆಯಿತು. ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಡೇರಿಯಲ್ಲಿ ಆಡಿಟ್ ಇತ್ತು.

ಚಾರ್ಟ್ ಕತ್ತರಿಸುವಾಗ ಹುಡುಗ ಗಾಬರಿಯಾದ. ಆಮೇಲೆ ಅವನೇ ಅಂಟು ಹಚ್ಚಿದ. ಟ್ರಾಕ್ಟರ್ ಬಗ್ಗೆ ಮಾತಾಡಿಸಿದ ಸಂಜೆ ನಾನು ಬರೆದುಕೊಂಡದ್ದು 43 ಪದ, ಮೇಷ್ಟ್ರೇ. ಹೈಡ್ರಾಲಿಕ್ ಕೂಡ ಅಂದ! 'ಇದೆಲ್ಲ ಇಂಗ್ಲಿಷಾ ಅಕ್ಕ?' ಅಂತ ಕೇಳಿದ. ಹೌದು ಅಂದೆ. ಓಡಿಹೋಗಿ ಅವರಮ್ಮನಿಗೆ ಹೇಳಿಬಂದ. ಅವರು ಸೌದೆ ಒಲೆ ಮುಂದೆ ಕೂತಿದ್ದವರು ಎದ್ದು ಬಂದು ನನ್ನ ಪಟ್ಟಿ ನೋಡಿದರು. 'ನಂಗೂ ಇಷ್ಟು ಬತ್ತದಲ್ಲ ಹಂಗಾರೆ' ಅಂದರು. ಈಗ ರಾತ್ರಿ ಅವರೂ ಕಾರ್ಡಿನ ಹತ್ತಿರ ಕೂರುತ್ತಾರೆ. ಮುಟ್ಟುವ ಆಟದಲ್ಲಿ ಮಗ ಹೇಳುತ್ತಾನೆ, ಅಮ್ಮ ಮುಟ್ಟುತ್ತಾರೆ.

ಮೂರನೇ ಡಬ್ಬಿಗೆ ಈವರೆಗೆ ಹೊಸ ಪದ 31 ಹೋಗಿವೆ. ಗೋಟ್ ಅನ್ನು ಯಾವ ಬಣ್ಣದ್ದು ತೋರಿಸಿದರೂ ಹೇಳುತ್ತಾನೆ, ತುಟಿ ಅಲ್ಲಾಡಿಸುವುದಿಲ್ಲ. ಫ್ಯಾನ್ ಮಾತ್ರ ಇನ್ನೂ ಅರ್ಧ ಸಲ ಪ್ಯಾನೇ. ಶಾಲೆಯ ಡೈರಿಯಲ್ಲಿ ಏನೂ ಬರೆದು ಬಂದಿಲ್ಲ, ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ.

ಇವತ್ತು ಒಂದು ಸಮಸ್ಯೆ ಬಂತು, ಅದಕ್ಕೇ ಬರೆಯಲು ಕೂತೆ. ಭಾನುವಾರ ಅವನನ್ನು ಊರಾಚೆಯ ಆಲೆಮನೆಗೆ ಕರೆದುಕೊಂಡು ಹೋಗಿ ಫೋಟೋ ತೆಗೆದಿದ್ದೆ. ಪ್ರಿಂಟ್ ಹಾಕಿಸಿ ಕೊಟ್ಟೆ. ಫೈರ್, ಸ್ಮೋಕ್, ಜ್ಯೂಸ್, ಜಾಗರಿ ಅಂತ ಹೇಳುತ್ತಾ ಹೋದೆ. ಗಾಣದಿಂದ ಹೊರಗೆ ಬೀಳುವ ಕಬ್ಬಿನ ಸಿಪ್ಪೆ ತೋರಿಸಿ 'ಇದಕ್ಕೆ?' ಅಂದ. ನಾನು 'ಪೀಲ್' ಅಂದೆ. ಬಾಳೆಹಣ್ಣಿನ ಸಿಪ್ಪೆಗೆ ಅದೇ ಪದ ಹೋದ ವಾರ ಕಲಿತಿದ್ದ. ಕಾರ್ಡನ್ನು ಡಬ್ಬಿಯಿಂದ ತಂದು ಫೋಟೋ ಪಕ್ಕ ಇಟ್ಟ. 'ಅಕ್ಕ, ಬಾಳೆಹಣ್ಣಿಂದು ಸುಲಿಯೋದು. ಇದು ಸುಲಿದಿದ್ದಲ್ಲ, ಗಾಣ ಹಿಂಡಿದ್ದು. ಒಳಗಿಂದೂ ಸೇರ್ಕೊಂಡಿರತ್ತೆ. ಇದಕ್ಕೆ ಪೀಲ್ ಅನ್ನಲ್ಲ' ಅಂದ.

ನನಗೆ ಉತ್ತರ ಗೊತ್ತಿರಲಿಲ್ಲ. ನಾಳೆ ಹೇಳುತ್ತೇನೆ ಅಂದಿದ್ದೇನೆ. ಯಾರಿಗಾದರೂ ಗೊತ್ತಾ?

ನಿವೃತ್ತ ಮೇಷ್ಟ್ರು (ಮೈಸೂರು)

ಬಗಾಸ್. ಸಕ್ಕರೆ ಕಾರ್ಖಾನೆಯವರು ಅದನ್ನೇ ಅನ್ನುವುದು. ರಸ ಹಿಂಡಿದ ಮೇಲೆ ಉಳಿಯುವ ಅಷ್ಟೂ ಬಗಾಸ್, ಹೊರಗಿನದೂ ಒಳಗಿನದೂ. ಅದನ್ನು ಒಣಗಿಸಿ ಕೊಪ್ಪರಿಗೆ ಕೆಳಗೆ ಉರಿ ಹಾಕುತ್ತಾರಲ್ಲ, ಕಾರ್ಖಾನೆಯ ಬಾಯ್ಲರಿಗೂ ಅದನ್ನೇ ಹಾಕುತ್ತಾರೆ. ಪೀಲ್ ಅಲ್ಲ ಅಂತ ಅವನು ಹೇಳಿದ್ದು ಸರಿ ತಂಗಿ, ಹಾಗಂತ ಅವನಿಗೆ ಹೇಳು. ಅವರಪ್ಪನನ್ನೂ ಕೇಳಲು ಹೇಳು, ಫ್ಯಾಕ್ಟರಿ ಯಾರ್ಡಿನಲ್ಲಿ ಅದರ ಗುಡ್ಡೆ ನೋಡಿರುತ್ತಾರೆ.

ಕುಂತಿಬೆಟ್ಟದ ಕೆಳಗಿನವಳು (ಪಾಂಡವಪುರ ತಾಲ್ಲೂಕು)

ಹೇಳಿದೆ ಮೇಷ್ಟ್ರೇ. ಫೋಟೋ ಬೇಡ, ತಾನೇ ಬಿಡಿಸುತ್ತೇನೆ ಅಂದ. ಗಾಣ, ಅದರ ಪಕ್ಕ ಸಿಪ್ಪೆಯ ಗುಡ್ಡೆ, ಗುಡ್ಡೆಯ ಮೇಲೆ ಅವರ ಕರಿ ಮೇಕೆ. ಬಗಾಸ್ ಯಾವುದು ಅಂತ ಗೊತ್ತಾಗಲಿ ಅಂತ ಗುಡ್ಡೆಗೆ ಮಾತ್ರ ಹಳದಿ ಬಣ್ಣ ಹಚ್ಚಿದ್ದಾನೆ. ಕಾರ್ಡು ಮೊದಲ ಡಬ್ಬಿಯಲ್ಲಿದೆ.